ಅವ್ವನನ್ನೇ ಕೇಳಿದರು: ಧಾರವಾಡದ ಒಂದು ಮರೆವಿನ ಕ್ಲಿನಿಕ್ ಬಗ್ಗೆ

ಮರೆವಿನ ಕಾಯಿಲೆಗೆ ನೋಡುವ ಧಾರವಾಡದ ಒಂದು ಖಾಸಗಿ ಕ್ಲಿನಿಕ್‌ಗೆ ಕಳೆದ ಮಳೆಗಾಲದಿಂದ ಅವ್ವನನ್ನು ಕರೆದುಕೊಂಡು ಹೋಗುತ್ತಿದ್ದೇವೆ. ಡಾಕ್ಟರ್ ಹೇಗೆ, ಫೀ ಎಷ್ಟು, ಪಾರ್ಕಿಂಗ್ ಇದೆಯಾ ಅಂತ ಬರೆಯುವವರು ಬಹಳ ಜನ ಇದ್ದಾರೆ. ನಾನು ಬರೆಯುತ್ತಿರುವುದು ಬೇರೆ. ಅವ್ವನ ಬಗ್ಗೆ ಮಾಹಿತಿ ತಗೊಳ್ಳುವಾಗ ಅವರು ಯಾರನ್ನು ಕೇಳಿದರು, ಹೇಗೆ ಕೇಳಿದರು, ಅವ್ವ ಬೇಡ ಅಂದಾಗ ಏನು ಮಾಡಿದರು ಅನ್ನುವುದರ ಬಗ್ಗೆ. ಇದನ್ನು ಯಾರೂ ಬರೆಯುವುದಿಲ್ಲ. ಆದರೆ ಮನೆಯಲ್ಲಿ ಮರೆವು ಬಂದ ಹಿರಿಯರು ಇದ್ದರೆ ಆಸ್ಪತ್ರೆ ಹೊಸ್ತಿಲು ದಾಟಿದ ದಿನದಿಂದಲೇ ಇದು ಶುರುವಾಗುತ್ತದೆ. ಪ್ರತಿ ಕೌಂಟರಿನಲ್ಲೂ ಒಂದು ಫಾರ್ಮ್, ಪ್ರತಿ ಫಾರ್ಮಿನ ಕೆಳಗೂ ಒಂದು ಸಹಿ.

ಕ್ಲಿನಿಕ್ ಹೆಸರು ಹಾಕುತ್ತಿಲ್ಲ. ಚಿಕ್ಕ ಜಾಗ, ಬರುವವರೂ ಕಡಿಮೆ. ಹೆಸರು ಹಾಕಿದರೆ ಅಲ್ಲಿಗೆ ಬರುವ ಉಳಿದ ಮನೆಯವರನ್ನೂ ಗುರುತು ಹಿಡಿಯಬಹುದು. ಹುಬ್ಬಳ್ಳಿಯ ಇನ್ನೊಂದು ಸೇವೆಯ ಬಗ್ಗೆಯೂ ಹೇಳಬೇಕಾಗಿದೆ, ಅದರ ಹೆಸರೂ ಬೇಡ. ಪದ್ಧತಿ ಏನು ಅನ್ನುವುದಷ್ಟೇ ಮುಖ್ಯ.

ಮೊದಲು ಹುಬ್ಬಳ್ಳಿಯದು ಹೇಳಿಬಿಡುತ್ತೇನೆ. ಮನೆಗೇ ಬಂದು ರಕ್ತ ತಗೊಂಡು, ಬಿಪಿ ನೋಡಿ, ಬೇಕಾದರೆ ನರ್ಸ್ ಕಳಿಸುವ ಸೇವೆ ಅದು. ಮೊದಲ ದಿನ ಬಂದ ಹುಡುಗ ಒಳ್ಳೆಯವನೇ, ಮಾತು ಮೆತ್ತಗೆ. ಟ್ಯಾಬ್ ತೆಗೆದ. ಪುಟ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೆಳಗೆ ಸಾಲಾಗಿ ಚೌಕಗಳು, ಎಲ್ಲದರಲ್ಲೂ ಮೊದಲೇ ಟಿಕ್ ಬಿದ್ದಿತ್ತು. ಚಿಕಿತ್ಸೆಗೆ ಒಂದು, ಫೋಟೋಕ್ಕೆ ಒಂದು, ಜೊತೆಗಾರ ಕಂಪನಿಗಳಿಗೆ ಮಾಹಿತಿ ಕೊಡಲು ಒಂದು, ಸಂಶೋಧನೆಗೆ ಒಂದು. ಅಣ್ಣನ ಮೊಬೈಲಿಗೆ ಒಟಿಪಿ ಬಂತು, ಅವನು ಹೇಳಿದ, ಹುಡುಗ ಒತ್ತಿದ. ಆಮೇಲೆ ಒಂದು ಕಾಗದದ ಮೇಲೆ ಅವ್ವನ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸಿದ. ಅವ್ವ ಆ ಕಾಲದ ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಇವತ್ತಿಗೂ ಕೈಯಲ್ಲಿ ಪೆನ್ನು ಕೊಟ್ಟರೆ ದುಂಡಗೆ ಸಹಿ ಮಾಡುತ್ತಾಳೆ. ಅವಳನ್ನು ಕೇಳುವ ಮನಸ್ಸು ಯಾರಿಗೂ ಇರಲಿಲ್ಲ. "ಇದೆಲ್ಲ ಯಾಕ್ರೀ" ಅಂತ ನಾನು ಕೇಳಿದ್ದಕ್ಕೆ, "ಎಲ್ಲಾರೂ ಮಾಡ್ತಾರ್ರಿ ಮೇಡಮ್, ಸುಮ್ನ ಫಾರ್ಮಾಲಿಟಿ ಐತ್ರಿ" ಅಂದ.

ಅವನ ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಗೆ ಹಾಗೆ ಕಲಿಸಿ ಕಳಿಸಿದ್ದಾರೆ. ಆದರೆ ನಡೆದದ್ದು ಏನು ನೋಡಿ. ಅವ್ವನ ಆಧಾರ್‌ಗೆ ಜೋಡಿಸಿರುವುದು ಅಣ್ಣನ ನಂಬರ್. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹಿರಿಯರ ಆಧಾರ್‌ಗೆ ಮಕ್ಕಳ ನಂಬರೇ ಇರುತ್ತದೆ. ಒಟಿಪಿ ಹೇಳಿದ ಕೂಡಲೇ ಅವ್ವನ ಹೆಸರಿನಲ್ಲಿ 14 ಅಂಕಿಯ ಆಭಾ ನಂಬರ್ (ಆರೋಗ್ಯ ದಾಖಲೆಗಳನ್ನು ಜೋಡಿಸುವ ಸರ್ಕಾರಿ ಗುರುತಿನ ಸಂಖ್ಯೆ) ಆಯಿತು, ಅವಳೇ ಒಪ್ಪಿಕೊಂಡಳು ಅಂತ ದಾಖಲೆಯೂ ಆಯಿತು. ಅವ್ವ ಆ ಹೊತ್ತಿಗೆ ಕಟ್ಟೆಯ ಮೇಲೆ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ಮನೆಯ ಕೀಲಿ ಪಕ್ಕದವರ ಹತ್ತಿರ ಇದೆ ಅಂದ ಮಾತ್ರಕ್ಕೆ ಮನೆ ಮಾರಲು ನಾವು ಒಪ್ಪಿಗೆ ಕೊಟ್ಟಂತೆ ಆಗುವುದಿಲ್ಲ ಅಲ್ವಾ? ಒಟಿಪಿಯೂ ಹಾಗೆಯೇ. ಅದು ಫೋನ್ ಯಾರ ಕೈಯಲ್ಲಿದೆ ಅಂತ ಹೇಳುತ್ತದೆ, ಮನಸ್ಸು ಯಾರದು ಅಂತ ಹೇಳುವುದಿಲ್ಲ.

ಇನ್ನೊಂದು ಮಾತು, ಆಭಾ ಕಡ್ಡಾಯ ಅಲ್ಲ. ಅದು ಬೇಡ ಅಂದರೂ ಚಿಕಿತ್ಸೆ ಸಿಗಬೇಕು. ಬೇಡವಾದರೆ ಆಮೇಲೆ ಅಳಿಸಲೂ ಬರುತ್ತದೆ. ಆಮೇಲೆ ನಾವು ಆ ಸೇವೆಯವರಿಗೆ ಫೋನ್ ಮಾಡಿ ಚಿಕಿತ್ಸೆ ಬಿಟ್ಟು ಉಳಿದ ಒಪ್ಪಿಗೆ ವಾಪಸ್ ತಗೊಳ್ಳಬೇಕು ಅಂದರೆ, "ಆ್ಯಪ್ ಡಿಲೀಟ್ ಮಾಡ್ರಿ, ಸಾಕು" ಅಂದರು. ಆ್ಯಪ್ ನಮ್ಮ ಫೋನಿನಿಂದ ಹೋಗುತ್ತದೆ. ಅವರ ಹತ್ತಿರ ಇರುವುದು ಅಲ್ಲೇ ಇರುತ್ತದೆ. ಆ ಸೇವೆಯನ್ನು ಬಿಟ್ಟೆವು.

ಧಾರವಾಡದ ಕ್ಲಿನಿಕ್ ಗೊತ್ತಾಗಿದ್ದು ಅಣ್ಣನ ಹೆಂಡತಿ, ನಮ್ಮ ವೈನಿಯ ತವರಿನವರಿಂದ. ಅವರ ಕಾಕಾನನ್ನು ಅಣ್ಣಿಗೇರಿಯಿಂದ ಅಲ್ಲಿಗೆ ತೋರಿಸಲು ತರುತ್ತಾರೆ. ನಾವು ಇರುವುದು ಉಣಕಲ್ ಕಡೆ, ಚಿಗರಿ ಬಸ್ ಹತ್ತಿದರೆ ಅವ್ವ ಕಿಟಕಿ ಪಕ್ಕ ಆರಾಮಾಗಿ ಕೂತು ಬರುತ್ತಾಳೆ. ಆಟೋ ಅಂದರೆ ಅವಳಿಗೆ ಗಾಬರಿ.

ಹೋದ ದಿನ ಫಾರ್ಮ್ ಕೊಡಲೇ ಇಲ್ಲ. ಅಲ್ಲಿನ ಸಿಸ್ಟರ್ ಮೊದಲು ಕೇಳಿದ್ದು ಕನ್ನಡಕ ತಂದಿದ್ದೀರಾ, ಕಿವಿಯ ಮಿಷಿನ್‌ನಲ್ಲಿ ಸೆಲ್ ಇದೆಯಾ ಅಂತ. ಸೆಲ್ ಮುಗಿದಿತ್ತು. ಅವರ ಡ್ರಾಯರಿನಲ್ಲೇ ಒಂದು ಇತ್ತು, ಹಾಕಿದರು. ಆಮೇಲೆ ಡಾಕ್ಟರ್ ಮಾತಾಡಿಸಿ, ಅವ್ವ ಆ ದಿನ ಬಹಳ ಮಂಕಾಗಿದ್ದಾಳೆ ಅನ್ನಿಸಿ ಉಚ್ಚೆ ಪರೀಕ್ಷೆ ಮಾಡಿಸಿದರು. ಸೋಂಕು ಇತ್ತು. ವಯಸ್ಸಾದವರಿಗೆ ಉಚ್ಚೆಯ ಸೋಂಕು ಆದರೂ ಸಾಕು, ತಲೆ ಗೊಂದಲ ಒಮ್ಮೆಲೇ ಜಾಸ್ತಿಯಾಗುತ್ತದೆ, ಸೋಂಕು ಇಳಿದರೆ ಎಷ್ಟೋ ಮಟ್ಟಿಗೆ ಅದೂ ಇಳಿಯುತ್ತದೆ. "ಈ ದಿನ ಔಷಧಕ್ಕೆ ಎಷ್ಟು ಬೇಕೋ ಅಷ್ಟೇ ಬರಕೋತೀವ್ರಿ. ಉಳಿದದ್ದು ಅವ್ವಾರು ಹುಷಾರಾದ ಮ್ಯಾಲೆ ಅವರನ್ನೇ ಕೇಳೋಣ" ಅಂದರು ಡಾಕ್ಟರ್. ಆ ಮಾತಿಗೇ ನನಗೆ ಈ ಜಾಗದ ಮೇಲೆ ನಂಬಿಕೆ ಬಂತು.

ಅವ್ವ ಗುಣವಾದ ಮೇಲೆ ಬೆಳಗಿನ ಹತ್ತು ಗಂಟೆಗೆ ಕರೆದರು. ಬೆಳಿಗ್ಗೆಯೇ ಯಾಕೆ ಅಂದರೆ, ಮರೆವಿನವರಲ್ಲಿ ಎಷ್ಟೋ ಜನರಿಗೆ ಸಂಜೆ ಹೊತ್ತಾಗುತ್ತಿದ್ದಂತೆ ಗಾಬರಿ, ಗೊಂದಲ ಏರುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರಿಗೆ ಇದು ಗೊತ್ತು, ಆದರೆ ಆಸ್ಪತ್ರೆಗಳು ಸಂಜೆ ಐದಕ್ಕೇ ಟೈಮ್ ಕೊಡುತ್ತವೆ.

ಇಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕಂದರೆ ನಾನು ಬೇರೆ ಎಲ್ಲೂ ನೋಡಿಲ್ಲ. ಸಿಸ್ಟರ್ ಅವ್ವನ ಎದುರಿಗೆ ಅಲ್ಲ, ಪಕ್ಕದಲ್ಲಿ ಕೂತರು. ಕೈಯಲ್ಲಿ ಅಂಗೈ ಅಗಲದ ಕಾರ್ಡುಗಳು, ಒಂದೊಂದರ ಮೇಲೆ ಒಂದೇ ಚಿತ್ರ. ಔಷಧದ ಚೀಟಿ, ಕ್ಯಾಮೆರಾ, ಬಾಯಿ ಮುಂದೆ ಮೈಕು, ಕೈಗೆ ಕಟ್ಟುವ ಗಡಿಯಾರ, ಕೊನೆಗೆ ಬಹಳ ಜನರ ಫೈಲುಗಳನ್ನು ಒಟ್ಟಿಗೆ ಇಟ್ಟುಕೊಂಡು ಓದುತ್ತಿರುವ ಡಾಕ್ಟರ್ ಚಿತ್ರ. ಒಂದು ಕಾರ್ಡ್ ಮುಂದಿಟ್ಟು, ಅದೊಂದನ್ನೇ ಹೇಳಿ, ಸುಮ್ಮನೆ ಕಾಯುತ್ತಿದ್ದರು. ಆಮೇಲೆ, "ನಾ ಏನ್ ಹೇಳಿದೆ, ನೀವ ಹೇಳ್ರಿ ನೋಡೋಣ ಅವ್ವಾರ" ಅನ್ನುತ್ತಿದ್ದರು. ಅವ್ವ ತನ್ನ ಮಾತಿನಲ್ಲಿ ಹೇಳುತ್ತಿದ್ದಳು. ಕೆಲವು ಸರಿ, ಒಂದು ತಪ್ಪು. ತಪ್ಪಾದದ್ದನ್ನು ಇನ್ನೊಮ್ಮೆ ಬೇರೆ ರೀತಿ ಹೇಳಿದರು. ಕೊನೆಯ ಕಾರ್ಡ್, ಸಂಶೋಧನೆಯದು, ಅವ್ವನಿಗೆ ಹಿಡಿಯಲಿಲ್ಲ. ಅದನ್ನು ಬದಿಗಿಟ್ಟು, "ಇದು ಈಗ ಬ್ಯಾಡ" ಅಂತ ಫೈಲಿನಲ್ಲಿ ಬರೆದರು. ನಾನು ಸಹಿ ಮಾಡುತ್ತೇನೆ ಅಂದರೂ ತಗೊಳ್ಳಲಿಲ್ಲ.

ನೆನಪಿನ ಪರೀಕ್ಷೆಗೆ ಹೂಂ ಅಂದಳು. ಔಷಧದ ಚೀಟಿ ಇಟ್ಟುಕೊಳ್ಳಲು ಹೂಂ. ಫೋಟೋಕ್ಕೆ ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು ಹೂಂ. ಮೈಕಿನ ಕಾರ್ಡ್ ಬಂದಾಗ ಮಾತ್ರ ಮುಖ ಬಿಗಿಯಾಯಿತು. "ನನ್ನ ದನಿ ನಿಮಗ್ಯಾಕ ಬೇಕವಾ?" ಅಂದಳು. ಮಾತಾಡುವ ಧಾಟಿಯಲ್ಲಿ ಬದಲಾವಣೆ ಆಗುತ್ತಾ ಹೋಗುತ್ತದೆ, ಅದನ್ನು ಕೇಳಿ ಕಾಯಿಲೆ ಎಷ್ಟು ಮುಂದೆ ಹೋಗಿದೆ ನೋಡುತ್ತೇವೆ ಅಂತ ಸಿಸ್ಟರ್ ಹೇಳಿದರು. ಅವ್ವ ಕೇಳಿ, "ಬ್ಯಾಡವಾ" ಅಂದಳು. ಅಲ್ಲಿಗೆ ಮುಗಿಯಿತು. ಯಾಕೆ ಬೇಡ ಅಂತ ಬೆನ್ನು ಹತ್ತಲಿಲ್ಲ, ನನ್ನ ಕಡೆ ತಿರುಗಿ ನೀವು ಹೇಳಿರಿ ಅನ್ನಲಿಲ್ಲ.

ಮುಂದಿನ ಸಲ ಹೋದಾಗ ಅವ್ವನಿಗೆ ಆ ಮಾತುಕತೆ ನಡೆದದ್ದೇ ನೆನಪಿರಲಿಲ್ಲ. ಸಿಸ್ಟರ್ ಅದೇ ಕಾರ್ಡುಗಳನ್ನು ಮತ್ತೆ ಇಟ್ಟು ಕೇಳಿದರು. ಮೈಕಿಗೆ ಮತ್ತೆ ಅದೇ ಉತ್ತರ, ಹೆಚ್ಚು ಕಡಿಮೆ ಅದೇ ಮಾತುಗಳಲ್ಲಿ. ನೆನಪು ಹೋದರೂ ಅವಳ ಇಷ್ಟಾನಿಷ್ಟ ಹೋಗಿಲ್ಲ. ಇದನ್ನು ಮನೆಯವರಾದ ನಾವು ಎಷ್ಟು ಜನ ನೋಡುತ್ತೇವೆ? "ಅವರಿಗೇನ್ ತಿಳೀತದ, ನೀವ ಸಹಿ ಮಾಡ್ರಿ" ಅನ್ನುವ ಮಾತನ್ನು ನಾನು ಎಷ್ಟು ಕೌಂಟರುಗಳಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಅವರಿಗೆ ತಿಳಿಯುತ್ತದೆ. ಸಣ್ಣ ಸಣ್ಣದಾಗಿ ಮುರಿದು, ಕಿವಿಗೆ ಬೀಳುವ ಹಾಗೆ, ಒಳ್ಳೆಯ ಹೊತ್ತು ನೋಡಿ ಕೇಳಿದರೆ ಬಹಳಷ್ಟು ತಿಳಿಯುತ್ತದೆ. ಯಾವುದು ತಿಳಿಯುವುದಿಲ್ಲವೋ ಅದನ್ನು ಮಾತ್ರ ಬೇರೆಯಾಗಿ ನೋಡಬೇಕು.

ಕಾನೂನು ಕೂಡ ಇದನ್ನೇ ಹೇಳುತ್ತದೆ ಅಂತ ನನಗೆ ಗೊತ್ತಾದದ್ದು ಆ ಡಾಕ್ಟರ್ ಬಾಯಿಂದ, ಆಮೇಲೆ ನಾನೂ ಕೂತು ಓದಿದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರದು, 2018ರ ಮೇ 29ರಿಂದ ಜಾರಿಯಲ್ಲಿದೆ. ಯೋಚನೆ, ನೆನಪು, ಎಲ್ಲಿದ್ದೇವೆ ಅನ್ನುವ ಅರಿವು ಇವುಗಳಿಗೆ ಬರುವ ದೊಡ್ಡ ತೊಂದರೆಯೂ ಅದರಲ್ಲಿನ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಬರುತ್ತದೆ. ಅದರ 4ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ವಿಷಯದಲ್ಲಿ ಪ್ರತಿಯೊಬ್ಬರಿಗೂ ನಿರ್ಧಾರ ಮಾಡುವ ಶಕ್ತಿ ಇದೆ ಅಂತಲೇ ನೋಡಬೇಕು, ಹೇಳಿದ್ದು ತಿಳಿದರೆ, ಅಥವಾ ಅದರಿಂದ ಮುಂದೆ ಏನಾಗುತ್ತದೆ ಅನ್ನುವುದು ಗೊತ್ತಾದರೆ, ಅಥವಾ ಮಾತಿನಿಂದಲೋ ಸನ್ನೆಯಿಂದಲೋ ಮುಖಭಾವದಿಂದಲೋ ತನ್ನ ನಿರ್ಧಾರ ತಿಳಿಸಲು ಬಂದರೆ. ಹೇಳುವುದನ್ನು ಸರಳ ಭಾಷೆಯಲ್ಲಿ, ಬೇಕಾದರೆ ಚಿತ್ರ ತೋರಿಸಿ ಹೇಳಬೇಕು ಅಂತಲೂ ಅಲ್ಲೇ ಇದೆ. ಬೇರೆಯವರಿಗೆ ಆ ನಿರ್ಧಾರ ತಪ್ಪು ಅನ್ನಿಸಿತು ಅನ್ನುವ ಒಂದೇ ಕಾರಣಕ್ಕೆ ಆ ವ್ಯಕ್ತಿಗೆ ಶಕ್ತಿ ಇಲ್ಲ ಅನ್ನುವ ಹಾಗಿಲ್ಲ. ನೆನಪಿನ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತು ಅಂದರೆ ಒಪ್ಪಿಗೆ ಕೇಳಬೇಕಾಗಿಲ್ಲ ಅಂತ ಎಲ್ಲಿಯೂ ಬರೆದಿಲ್ಲ.

ಮಕ್ಕಳ ಸಹಿಯ ಬಗ್ಗೆ ಬಹಳ ಜನರಿಗೆ ಒಂದು ತಿಳುವಳಿಕೆ ಇದೆ, ಮಗ ಅಂದರೆ ಆಯಿತು, ಅವನೇ ಪಾಲಕ ಅಂತ. ಹಾಗಿಲ್ಲ. 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಒಪ್ಪಿಗೆಗೆ ಸಂಬಂಧಿಸಿದ ಮುಖ್ಯ ಭಾಗ ಜಾರಿಗೆ ಬರಲು 18 ತಿಂಗಳ ಅವಧಿ ಇಟ್ಟಿದ್ದಾರೆ. ಅಂಗವಿಕಲತೆ ಇರುವ ವ್ಯಕ್ತಿಯ ಪರವಾಗಿ ಕಾನೂನುಬದ್ಧ ಪಾಲಕರು ಒಪ್ಪಿಗೆ ಕೊಡಬಹುದು ಅನ್ನುತ್ತದೆ ಅದು. ಆ ಪಾಲಕರನ್ನು ಕೋರ್ಟ್, ಇಲ್ಲವೇ ಕಾನೂನು ಗೊತ್ತು ಮಾಡಿದ ಅಧಿಕಾರಿ ಅಥವಾ ಸ್ಥಳೀಯ ಮಟ್ಟದ ಸಮಿತಿ ನೇಮಿಸಿರಬೇಕು. ಈ ಸ್ಥಳೀಯ ಸಮಿತಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯದು. ಅದು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಇರುವವರಿಗಾಗಿ ಇರುವುದು. ವಯಸ್ಸಾದ ಮೇಲೆ ಬರುವ ಮರೆವಿನ ಕಾಯಿಲೆಯ ಹೆಸರು ಅದರಲ್ಲಿಲ್ಲ. ಅಂದರೆ ನಮ್ಮಂಥ ಮನೆಗಳಿಗೆ ಕೈಗೆಟುಕುವ ಹಾದಿ ಕಡಿಮೆ, ಕೋರ್ಟ್ ಮೆಟ್ಟಿಲು ಹತ್ತಬೇಕು. ಇದು ನನಗೆ ಬಹಳ ಬೇಜಾರಿನ ವಿಷಯ. ಭಾರತದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆ ಇದೆ ಅಂತ ಒಂದು ದೊಡ್ಡ ಅಧ್ಯಯನ ಅಂದಾಜು ಮಾಡಿದೆ. ಅಷ್ಟೂ ಮನೆಗಳಲ್ಲಿ ಯಾರೋ ಒಬ್ಬರು ಫಾರ್ಮಿಗೆ ಸಹಿ ಮಾಡುತ್ತಲೇ ಇದ್ದಾರೆ.

ಚಿಕಿತ್ಸೆಯ ವಿಷಯಕ್ಕೆ ಮಾತ್ರ ಒಂದು ಸುಲಭದ ದಾರಿ ಇದೆ, ಕ್ಲಿನಿಕ್‌ನವರು ಅದನ್ನು ತಾವಾಗಿಯೇ ಹೇಳಿಕೊಟ್ಟರು. ಮಾನಸಿಕ ಆರೋಗ್ಯ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ರೋಗಿಯೇ ತನ್ನ ಪರವಾಗಿ ಮಾತಾಡುವ ಒಬ್ಬರನ್ನು ಹೆಸರಿಸಬಹುದು. ಬಾಂಡ್ ಪೇಪರ್ ಬೇಕಿಲ್ಲ, ಬಿಳಿ ಹಾಳೆಯಲ್ಲಿ ಬರೆದು ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿದರೆ ಆಯಿತು. ಹೆಸರಿಸಿದವರು ಕೆಲಸಕ್ಕೆ ಒಪ್ಪಿ ಬರೆದುಕೊಡಬೇಕು. ರೋಗಿ ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ಡಾಕ್ಟರ್ ಅವ್ವನನ್ನು ಕೇಳಿದರು, "ನಿಮಗ ತ್ರಾಸ ಆದಾಗ ನಿಮ್ಮ ಪರವಾಗಿ ಯಾರನ್ನ ಕೇಳೂಣ್ರೀ?" ನಾನು ಪಕ್ಕದಲ್ಲೇ ಇದ್ದೆ. ಅಣ್ಣ ಬಾಗಿಲಲ್ಲಿದ್ದ. ಅವ್ವ ಇಬ್ಬರನ್ನೂ ನೋಡಿ, "ನಮ್ಮ ಸೊಸಿನ್ನ ಕೇಳ್ರಿ" ಅಂದಳು. ಮನಸ್ಸಿಗೆ ಚುರ್ ಅಂತು. ಆದರೆ ಅವಳು ಹೇಳಿದ್ದು ಸರಿ. ರಾತ್ರಿ ಎದ್ದಾಗ ಜೊತೆಗೆ ಎದ್ದು ಕೂಡುವವರು ವೈನಿಯೇ. ನಮ್ಮನ್ನು ಕೇಳಿದ್ದರೆ ನಾನೋ ಅಣ್ಣನೋ ಆಗುತ್ತಿದ್ದೆವು, ವೈನಿಯ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಅವ್ವ ಆ ಹಾಳೆಗೆ ಸಹಿ ಮಾಡಿದಳು. ಹೆಬ್ಬೆಟ್ಟು ಅಲ್ಲ, ಪೂರ್ತಿ ಹೆಸರು ಬರೆದಳು, ಕೊನೆಯಲ್ಲಿ ಒಂದು ಗೆರೆ ಎಳೆದಳು.

ಇನ್ನು ಗಡಿಯಾರದ ವಿಷಯ. ಇದರಲ್ಲಿ ನನಗೂ ಅವರಿಗೂ ಸ್ವಲ್ಪ ತಿಕ್ಕಾಟ ಆಯಿತು. ಅವ್ವ ಒಂದು ಸಲ ಮನೆಯಿಂದ ಹೊರಟು ಕೆರೆ ದಂಡೆ ತನಕ ನಡೆದು ಹೋಗಿದ್ದಳು. ಎಲ್ಲಿದ್ದಾಳೆ ಅಂತ ತೋರಿಸುವ, ನಾಡಿ ಬಡಿತವನ್ನೂ ಬರೆದಿಡುವ ಗಡಿಯಾರ ಕೈಗೆ ಕಟ್ಟಿದರೆ ನಮಗೆ ನಿಶ್ಚಿಂತೆ. ಅವ್ವ ಕಟ್ಟಿಸಿಕೊಳ್ಳಲಿಲ್ಲ. ಬಾಯಲ್ಲಿ ಏನೂ ಹೇಳಲಿಲ್ಲ, ಕೈ ಎಳೆದುಕೊಂಡಳು, ಬಳೆಗಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಸಿಸ್ಟರ್ ಅದನ್ನೇ "ಬೇಡ" ಅಂತ ಬರೆದುಕೊಂಡರು. ನಾನು ವಾದ ಮಾಡಿದೆ. ಕಳೆದುಹೋದರೆ ಯಾರು ಹೊಣೆ ಅಂದೆ. ಕೌನ್ಸೆಲರ್ ಸಿಟ್ಟಾಗಲಿಲ್ಲ. ನಿಮ್ಮ ಭಯ ನಿಜವಾದದ್ದೇ, ಅದಕ್ಕೆ ಬೇರೆ ಏನು ಮಾಡಬಹುದು ನೋಡೋಣ, ಆದರೆ ಮಲಗಿದ್ದಾಗ ಕಟ್ಟುವುದು, ಸೀರೆಯೊಳಗೆ ಬಚ್ಚಿಡುವುದು ಮಾಡಬೇಡಿ ಅಂದರು. ಗೊತ್ತಾದ ದಿನ ಅವರು ನಿಮ್ಮನ್ನು ನಂಬುವುದಿಲ್ಲ, ಆಮೇಲೆ ಔಷಧವನ್ನೂ ನುಂಗುವುದಿಲ್ಲ ಅಂದರು.

ಕೌನ್ಸೆಲರೇ ಕೇಳಿದರು, ಅವ್ವಾರು ಯಾವಾಗಲೂ ಜೊತೆಗೆ ಇಟ್ಟುಕೊಳ್ಳುವ ವಸ್ತು ಯಾವುದು ಅಂತ. ಎಲೆ ಅಡಿಕೆಯ ಚಂಚಿ. ಅದನ್ನು ಬಿಟ್ಟು ಅವಳು ಬಚ್ಚಲಿಗೂ ಹೋಗುವುದಿಲ್ಲ. ಗುಂಡಿ ಗಾತ್ರದ ಒಂದು ಟ್ರ್ಯಾಕರ್ ತೋರಿಸಿ, ಇದನ್ನು ಚಂಚಿಯೊಳಗೆ ಇಡೋಣವಾ, ದಾರಿ ತಪ್ಪಿದರೆ ಮಗಳಿಗೆ ಗೊತ್ತಾಗುತ್ತದೆ ಅಂತ ಅವ್ವನಿಗೇ ಕೇಳಿದರು. ಅವ್ವ ತಿರುಗಿಸಿ ಮುರುಗಿಸಿ ನೋಡಿದಳು. "ಸುಣ್ಣದ ಡಬ್ಬಿ ಬಾಜೂಕ ಇಡ್ರಿ" ಅಂದಳು. ಎಲ್ಲಿದ್ದಾಳೆ ಅನ್ನುವುದು ಮನೆಯವರಿಗೆ ಮಾತ್ರ ತೋರಿಸುತ್ತದೆ, ಕ್ಲಿನಿಕ್‌ಗೆ ಹೋಗುವುದಿಲ್ಲ. ನಾಡಿ ಬಡಿತದ ಲೆಕ್ಕ ಇಲ್ಲ. ಅದಿಲ್ಲದೆ ಇಲ್ಲಿಯವರೆಗೆ ಏನೂ ಕೊರತೆ ಆಗಿಲ್ಲ. ಬೇಡವಾದ ಮಾಹಿತಿಯನ್ನು ಸುಮ್ನೆ ಕೂಡಿಡುವುದು ಯಾಕೆ ಅನ್ನುವುದು ನನಗೆ ಅಲ್ಲಿ ಅರ್ಥವಾಯಿತು.

ಸಂಶೋಧನೆಯ ಬಗ್ಗೆಯೂ ನೇರವಾಗಿ ಕೇಳಿದೆ, ಯಾಕಂದರೆ ನನಗೆ ಅದರ ವಿರೋಧ ಇಲ್ಲ. ಈ ಕಾಯಿಲೆಗೆ ಔಷಧ ಸಿಗಬೇಕಾದರೆ ಯಾರಾದರೂ ಮಾಹಿತಿ ಕೊಡಲೇಬೇಕು. ಕನ್ನಡ ಮಾತಾಡುವ, ಕಡಿಮೆ ಓದಿದ ಹೆಣ್ಣುಮಕ್ಕಳ ಮಾಹಿತಿ ಇಲ್ಲದೆ ಮಾಡಿದ ಪರೀಕ್ಷೆಗಳು ನಮ್ಮ ಅವ್ವಂದಿರಿಗೆ ಸರಿಹೊಂದುವುದೂ ಇಲ್ಲ. ಒಪ್ಪಿಗೆ ಕೊಡಲು ಆಗದವರನ್ನು ಪೂರ್ತಿ ಹೊರಗಿಟ್ಟರೆ ಅವರ ಕಾಯಿಲೆಯನ್ನು ಕಲಿಯುವುದು ಯಾರಿಂದ? ಅದಕ್ಕೇ ಕಾನೂನು ಬಾಗಿಲು ಮುಚ್ಚಿಲ್ಲ, ಚಿಲಕ ಮಾತ್ರ ಇಟ್ಟಿದೆ. ಮಾನಸಿಕ ಆರೋಗ್ಯ ಕಾಯ್ದೆಯ 99ನೇ ಸೆಕ್ಷನ್ ನೋಡಿ. ಸ್ವತಃ ಒಪ್ಪಿಗೆ ಕೊಡಲಾಗದ, ಆದರೆ ವಿರೋಧವನ್ನೂ ತೋರಿಸದ ವ್ಯಕ್ತಿಯ ಮೇಲೆ ಔಷಧ ಅಥವಾ ಬೇರೆ ಪ್ರಯೋಗದ ಸಂಶೋಧನೆ ಮಾಡಬೇಕಾದರೆ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು, ಹೆಸರಿಸಿದ ಪ್ರತಿನಿಧಿಯ ಒಪ್ಪಿಗೆಯೂ ಬೇಕು. ಬರೀ ಹಳೆಯ ಕೇಸ್ ಟಿಪ್ಪಣಿಗಳನ್ನು ಓದುವ ಅಧ್ಯಯನವಾದರೆ, ಯಾರು ಅಂತ ಗುರುತು ಸಿಗದ ಹಾಗೆ ಇಟ್ಟರೆ ಮಾಡಬಹುದು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ತಗೊಳ್ಳಬಹುದು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೂ ಓದಲು ಬಾರದವರಿಗೆ ಸಂಬಂಧ ಇಲ್ಲದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು ಅಂತಿದೆ. ಇಂಗ್ಲೆಂಡಿನಲ್ಲಿ 2005ರ ಕಾಯ್ದೆಯೊಂದಿದೆ, ಅಲ್ಲಿ ಸಂಶೋಧನೆಗೆ ಮನೆಯವರನ್ನು ಕೇಳುವುದು ಒಪ್ಪಿಗೆಗಾಗಿ ಅಲ್ಲ, ಈ ವ್ಯಕ್ತಿಗೆ ಬುದ್ಧಿ ಸ್ಥಿರವಾಗಿದ್ದರೆ ಏನು ಅನ್ನುತ್ತಿದ್ದರು ಅಂತ ತಿಳಿಯುವುದಕ್ಕೆ. ಈ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ನನಗೆ ಏನು ಬೇಕು ಅನ್ನುವುದಕ್ಕಿಂತ ಅವ್ವ ಏನು ಅನ್ನುತ್ತಿದ್ದಳು ಅಂತ ಯೋಚಿಸಿದರೆ ಉತ್ತರ ಬೇರೆಯೇ ಬರುತ್ತದೆ.

ಗುರುತು ತೆಗೆಯುವ ಬಗ್ಗೆ ಮಾತ್ರ ನನ್ನ ತಕರಾರು ಇದೆ, ಅವರಿಗೂ ಹೇಳಿದ್ದೇನೆ. ಹೆಸರು, ಫೋನ್ ನಂಬರ್, ಮನೆ ನಂಬರ್ ತೆಗೆಯುತ್ತಾರೆ. ಊರು, ವಯಸ್ಸು, ಹಳೆಯ ಕಸುಬು ಹಾಗೇ ಬಿಡುತ್ತಿದ್ದರು. ಲಕ್ಷ್ಮೇಶ್ವರದ ಕಡೆಯ ಒಂದು ಸಣ್ಣ ಹಳ್ಳಿಯ ಹೆಸರು, 78 ವರ್ಷ, ಮೊದಲು ಅಂಗನವಾಡಿ ಕಾರ್ಯಕರ್ತೆ ಅಂದರೆ ಆ ಊರಿನ ಯಾರಿಗಾದರೂ ಒಂದೇ ಹೊಡೆತಕ್ಕೆ ಗೊತ್ತಾಗುತ್ತದೆ ಅದು ಯಾರು ಅಂತ. ಈಗ ಊರಿನ ಬದಲು ಜಿಲ್ಲೆ, ವಯಸ್ಸಿನ ಬದಲು 75ರಿಂದ 80 ಅಂತ ಬರೆಯುತ್ತೇವೆ ಅಂದಿದ್ದಾರೆ. ಕಸುಬಿನ ಬಗ್ಗೆ ಇನ್ನೂ ಮಾತು ನಡೆದಿದೆ.

ಸರಿಯಿಲ್ಲದ್ದನ್ನೂ ಹೇಳಬೇಕು. ಒಳಗಡೆ ಅಷ್ಟು ಕಾಳಜಿ, ಹೊರಗಿನ ಕೌಂಟರಿನಲ್ಲಿ ಅದರ ಗಾಳಿಯೂ ಇಲ್ಲ. ತುಂಬಿದ ಹಾಲಿನಲ್ಲಿ ಹೆಸರು ಕೂಗಿ, "ರಾತ್ರಿ ಹಾಸಿಗಿ ಒದ್ದಿ ಆಗೋದು ನಿಂತದೇನ್ರಿ" ಅಂತ ಅಲ್ಲಿಂದಲೇ ಕೇಳುತ್ತಾರೆ. ಹಾವೇರಿ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರು ಹಾಗೆ ಕೇಳಿಸಿಕೊಂಡು ತಲೆ ಎತ್ತದೆ ಕೂತಿದ್ದನ್ನು ನೋಡಿದ್ದೇನೆ. ಮರೆವು ಬಂದವರಿಗೆ ನಾಚಿಕೆ ಹೋಗಿರುವುದಿಲ್ಲ. ಕಾಗದದ ಮೇಲಿನ ಗುಟ್ಟು ಎಷ್ಟು ಮುಖ್ಯವೋ ಬಾಯಿಯ ಗುಟ್ಟೂ ಅಷ್ಟೇ ಮುಖ್ಯ. ಇನ್ನೊಂದು, ರಿಪೋರ್ಟುಗಳನ್ನು ವಾಟ್ಸಾಪ್‌ಗೆ ಕಳಿಸುವಾಗ ಯಾರಿಗೆ ಅಂತ ಕೇಳದೆ ನಮ್ಮ ಮನೆಯ ಮೂರೂ ನಂಬರಿಗೆ ಹಾಕಿದರು. ಅವ್ವ ಹೆಸರಿಸಿದ್ದು ವೈನಿಯನ್ನು. ಅವರಿಗೆ ಕಳಿಸಿದ್ದರೆ ಸಾಕಿತ್ತು. ಹೇಳಿದ ಮೇಲೆ ಸರಿ ಮಾಡಿದರು.

ಒಪ್ಪಿಗೆಯ ಮುದ್ರಿತ ಹಾಳೆ ಕನ್ನಡದಲ್ಲಿದೆ, ಅದು ಒಳ್ಳೆಯದು. ಹೊಸ ಮಾಹಿತಿ ರಕ್ಷಣೆ ಕಾಯ್ದೆಯೂ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದುವ ಅವಕಾಶ ಕೊಡಬೇಕು ಅನ್ನುತ್ತದೆ, ಹಾಗಾಗಿ ಆ ಭಾಗ ಜಾರಿಯಾದ ಮೇಲೆ ಕನ್ನಡ ಕೇಳುವುದು ನಮ್ಮ ಹಕ್ಕು. ಆದರೆ ಅಕ್ಷರ ಬಹಳ ಸಣ್ಣದು, ಸಾಲುಗಳು ಒತ್ತೊತ್ತಾಗಿವೆ. ಕಾರ್ಡುಗಳನ್ನು ಅಷ್ಟು ಚೆನ್ನಾಗಿ ಮಾಡಿದವರು ಈ ಹಾಳೆಯನ್ನೂ ಹಾಗೆಯೇ ಮಾಡಬಹುದು. ಸಮಯವೂ ಹಿಡಿಯುತ್ತದೆ. ಈ ಮಾತುಕತೆಗೆ ಅವರು ಬೇರೆ ದುಡ್ಡು ತಗೊಳ್ಳುವುದಿಲ್ಲ, ಆದರೆ ಬೆಳಿಗ್ಗೆ ಪೂರ್ತಿ ಹೋಗುತ್ತದೆ, ದಿನಗೂಲಿ ಬಿಟ್ಟು ಬರುವವರಿಗೆ ಅದು ಹೊರೆ. ಮನೆಗೆ ಬಂದು ಮಾಡುವಂತಿದ್ದರೆ ಇನ್ನೂ ಬಹಳ ಜನರಿಗೆ ಉಪಯೋಗ ಆಗುತ್ತಿತ್ತು. ಮನೆಯಲ್ಲಿ ಅವ್ವಂದಿರು ಇನ್ನೂ ಚುರುಕಾಗಿಯೂ ಇರುತ್ತಾರೆ.

ಒಟ್ಟಾರೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕೌಂಟರಿಗಾಗಿ ಒಂದು ಕಡಿಮೆ.

ಬೇರೆ ಯಾವ ಆಸ್ಪತ್ರೆಗೆ ಹೋಗುವವರಾದರೂ ಕೆಲವು ಮಾತು ಕೇಳಿ ನೋಡಿ. ಚಿಕಿತ್ಸೆಗೆ ಬೇಕಾದ ಒಪ್ಪಿಗೆ ಬೇರೆ, ಉಳಿದದ್ದು ಬೇರೆ ಇದೆಯಾ? ಒಂದಕ್ಕೆ ಬೇಡ ಅಂದರೆ ಚಿಕಿತ್ಸೆ ನಿಲ್ಲುತ್ತದಾ? ಚೌಕಗಳಲ್ಲಿ ಟಿಕ್ ಹಾಕುವವರು ಯಾರು? ಜೀವಕ್ಕೆ ಅಪಾಯ ಇದ್ದಾಗ ಯಾರೂ ಒಪ್ಪಿಗೆಗೆ ಕಾಯುತ್ತಾ ಕೂಡಬೇಕಾಗಿಲ್ಲ, ಅದಕ್ಕೆ ಕಾನೂನಿನಲ್ಲೇ ಅವಕಾಶ ಇದೆ, ಹಾಗಾಗಿ "ಎಮರ್ಜೆನ್ಸಿ ಐತಿ, ಎಲ್ಲಾದಕ್ಕೂ ಸಹಿ ಮಾಡ್ರಿ" ಅಂದರೆ ಸಂಶೋಧನೆ, ಫೋಟೋ ಇಂಥವನ್ನು ಆಮೇಲೆ ನೋಡೋಣ ಅಂತ ಧೈರ್ಯವಾಗಿ ಹೇಳಿ. ಪಾಲಕತ್ವದ ವಿಷಯಕ್ಕೆ ಕೋರ್ಟ್‌ಗೆ ಹೋಗಬೇಕಾಗಿ ಬಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮೊದಲು ವಿಚಾರಿಸಿ. ಹೆಣ್ಣುಮಕ್ಕಳಿಗೆ, ಅಂಗವಿಕಲತೆ ಇರುವವರಿಗೆ ಅಲ್ಲಿ ವಕೀಲರ ನೆರವು ಉಚಿತ. ನೋಡಿಕೊಳ್ಳುವವರಿಗೇ ಮನಸ್ಸು ಕುಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲಿ ಮಾತಾಡುತ್ತಾರೆ. ವೈನಿ ಒಂದು ರಾತ್ರಿ ಮಾಡಿದ್ದರು.

ಧಾರವಾಡದ ಈ ಕ್ಲಿನಿಕ್‌ಗೆ ಹೋಗುವವರು ಬೆಳಗಿನ ಟೈಮೇ ಕೇಳಿ, ಕನ್ನಡಕ ಮರೆಯಬೇಡಿ, ಒಪ್ಪಿಗೆ ಹಾಳೆಯ ಒಂದು ಪ್ರತಿ ಕೇಳಿ ತಗೊಳ್ಳಿ. ಕೇಳಿದರೆ ಕೊಡುತ್ತಾರೆ, ತಾವಾಗಿ ಕೊಡುವುದಿಲ್ಲ. ಒಪ್ಪಿಗೆ ವಾಪಸ್ ತಗೊಳ್ಳಲು ಈಗ ಸ್ವತಃ ಅಲ್ಲಿಗೇ ಹೋಗಬೇಕು, ಅದೂ ಹನ್ನೊಂದರಿಂದ ಒಂದರ ಒಳಗೆ. ಕೊಡುವುದು ಎಷ್ಟು ಸುಲಭವೋ ವಾಪಸ್ ತಗೊಳ್ಳುವುದೂ ಅಷ್ಟೇ ಸುಲಭ ಇರಬೇಕು ಅಂತ ಹೊಸ ಕಾಯ್ದೆಯಲ್ಲಿದೆ ಅಂತ ಅವರಿಗೆ ಬರೆದು ಕೊಟ್ಟಿದ್ದೇನೆ, ಫೋನಿನಲ್ಲೇ ಮುಗಿಸುವ ವ್ಯವಸ್ಥೆ ಮಾಡಿ ಅಂತ ಕೇಳಿದ್ದೇನೆ. ಮುಂದಿನ ತಿಂಗಳು ತಿಳಿಸುತ್ತೇವೆ ಅಂದಿದ್ದಾರೆ. ಏನು ಹೇಳಿದರು ಅಂತ ಇಲ್ಲೇ ಸೇರಿಸುತ್ತೇನೆ.